ಹದ್ದು ಹಾರಿಸುವ ಹಾರ್ನ್: ಗೋವಾ ಕಡಲಾಚೆಯ ಒಂದು ದ್ವೀಪದ ಪ್ರಕರಣ

ಇದು ಗೋವಾದ ಮುರ್ಮುಗಾಂವ್ ತಾಲ್ಲೂಕಿನ ಕರಾವಳಿಯಾಚೆ ಇರುವ ಒಂದು ಸಣ್ಣ ದ್ವೀಪದ ಪ್ರಕರಣ. ದ್ವೀಪದ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಅಲ್ಲಿನ ಹದ್ದಿನ ಗೂಡಿನ ವಿಳಾಸ ಕೊಟ್ಟುಬಿಟ್ಟರೆ ಅದನ್ನು ಕಾಯುವ ಬಗೆಯನ್ನು ಎಷ್ಟು ಚೆನ್ನಾಗಿ ಬರೆದರೂ ವ್ಯರ್ಥ. ಕ್ಯಾಮೆರಾ ಹಿಡಿದವರು ಮರುವಾರವೇ ಅಲ್ಲಿರುತ್ತಾರೆ. ಇಲ್ಲಿ ಬರುವವರ ಹೆಸರು, ಊರು, ಉದ್ಯೋಗಗಳ ವಿವರಗಳನ್ನು ಗುರುತು ಸಿಗದಷ್ಟು ಬದಲಿಸಲಾಗಿದೆ. ನಾನು ಆ ಗೂಡನ್ನು ಉಳಿಸಲು ಹೊರಟ ಗುಂಪಿನಲ್ಲಿ ಸಭೆಗಳ ಟಿಪ್ಪಣಿ ಬರೆದುಕೊಳ್ಳುವ ಕೆಲಸ ಮಾಡಿದವನು. ತೀರ್ಮಾನಗಳು ನನ್ನವಲ್ಲ, ಅವುಗಳ ಬಗೆಗಿನ ಅಭಿಪ್ರಾಯಗಳು ಮಾತ್ರ ನನ್ನವು.

ದ್ವೀಪ ಮತ್ತು ದೋಣಿಗಳು

ದ್ವೀಪ ಎಂದಾಗ ಕಣ್ಣಿಗೆ ಬರುವ ತೆಂಗಿನ ಸಾಲು ಇಲ್ಲಿಲ್ಲ. ಕಪ್ಪು ಬಂಡೆ, ಮೇಲೆ ಮುಳ್ಳುಪೊದೆ, ಆಗ್ನೇಯದ ಇಳಿಜಾರಿನಲ್ಲಿ ಹಳೆಯ ಗೋಳಿಮರ. ಆ ಮರದ ಕವಲಿನಲ್ಲಿ ಬಿಳಿಹೊಟ್ಟೆಯ ಕಡಲ ಹದ್ದಿನ ಜೋಡಿಯೊಂದು ವರ್ಷ ವರ್ಷವೂ ಅದೇ ಗೂಡಿಗೆ ಹೊಸ ಕಡ್ಡಿ ಸೇರಿಸಿ ಮೊಟ್ಟೆಯಿಡುತ್ತದೆ. ಈ ಹದ್ದಿನ ಸ್ವಭಾವವೇ ಹಾಗೆ. ಒಂದೇ ಗೂಡನ್ನು ವರ್ಷಗಟ್ಟಲೆ ದುರಸ್ತಿ ಮಾಡುತ್ತಾ ಹೋಗಿ ಕೊನೆಗೆ ಅದು ಕೆಳಗಿನಿಂದ ನೋಡಿದರೆ ಸೌದೆ ರಾಶಿಯಂತೆ ಕಾಣುತ್ತದೆ. ರೆಕ್ಕೆಯ ಹರವು ಸುಮಾರು 2 ಮೀಟರ್, ತಲೆ ಮತ್ತು ಹೊಟ್ಟೆ ಅಚ್ಚ ಬಿಳಿ, ಬೆನ್ನು ಬೂದಿ. ಮೀನಿನ ಜೊತೆಗೆ ಕಡಲ ಹಾವನ್ನೂ ಹಿಡಿದು ತಿನ್ನುತ್ತದೆ. ಸಾಮಾನ್ಯವಾಗಿ ಎರಡು ಮೊಟ್ಟೆ, ಆರು ವಾರದಷ್ಟು ಕಾವು, ಆಮೇಲೆ ಮರಿ ಗೂಡು ಬಿಡಲು ಇನ್ನೂ ಎರಡೂವರೆ ತಿಂಗಳು.

ನಮ್ಮ ಪಶ್ಚಿಮ ಕರಾವಳಿಯಲ್ಲಿ ಇದರ ಸಂಸಾರದ ಕಾಲ ಅಕ್ಟೋಬರಿನಿಂದ ಬೇಸಿಗೆಯವರೆಗೆ. ಗೋವಾದ ಪ್ರವಾಸದ ಕಾಲವೂ ಅದೇ. ಈ ಪ್ರಕರಣದ ಗಂಟು ಇರುವುದು ಇಲ್ಲಿಯೇ. ಕಡಲಿಗೆ ರಜೆ ಎಂದರೆ ಎಲ್ಲರಿಗೂ ನೆನಪಾಗುವುದು ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧ. ಆ ಎರಡು ತಿಂಗಳು ಹದ್ದಿಗೆ ಯಾರೂ ತೊಂದರೆ ಕೊಡುವುದಿಲ್ಲ, ಏಕೆಂದರೆ ಆಗ ಗೂಡು ಖಾಲಿ.

ಇನ್ನು ದೋಣಿಗಳು. ಬೆಳಿಗ್ಗೆ ಜೆಟ್ಟಿಯಿಂದ ಹೊರಟು, ಮೊದಲು ಡಾಲ್ಫಿನ್ ತೋರಿಸಿ, ಹನ್ನೊಂದು ಗಂಟೆಯ ಹೊತ್ತಿಗೆ ದ್ವೀಪದ ಮಗ್ಗುಲಲ್ಲಿ ಲಂಗರು ಹಾಕಿ, ಸ್ನಾರ್ಕೆಲಿಂಗ್, ಗಾಳದ ಮೀನು, ಊಟ ಮುಗಿಸಿ ಎರಡು ಗಂಟೆಗೆ ಮರಳುವ ಪ್ರವಾಸಗಳು ಇವು. ಟಿಕೆಟ್ ಮಾರುವವನು ಕಲಂಗುಟ್ ಕಡೆಯ ಏಜೆಂಟ್, ದೋಣಿಯ ಒಡೆಯ ವಾಸ್ಕೋ ಕಡೆಯವನು. ಚುಕ್ಕಾಣಿ ಹಿಡಿಯುವ ತಾಂಡೇಲರಲ್ಲಿ ಹೆಚ್ಚಿನವರು ಕಾರವಾರ, ಅಂಕೋಲಾ ಕಡೆಯವರು. ಲಂಗರು ಎಳೆದು, ಲೈಫ್ ಜಾಕೆಟ್ ತೊಡಿಸಿ, ತಟ್ಟೆ ತೊಳೆಯುವ ಹುಡುಗರು ಗದಗ, ಕೊಪ್ಪಳ, ವಿಜಯಪುರದವರು. ವಾಸ್ಕೋ ಸುತ್ತಲಿನ ಬೈನಾ, ಝುವಾರಿನಗರದ ಬಾಡಿಗೆ ಕೋಣೆಗಳಲ್ಲಿ ಇರುವವರು. ಆ ದೋಣಿಗಳಲ್ಲಿ ಕೆಲಸದ ಮಾತೆಲ್ಲ ಕನ್ನಡ ಮತ್ತು ಕೊಂಕಣಿಯಲ್ಲಿಯೇ ನಡೆಯುತ್ತದೆ. ಬಯಲುಸೀಮೆಯ ಹುಡುಗರು ಸಮುದ್ರಕ್ಕೆ ಎಷ್ಟು ಬೇಗ ಒಗ್ಗಿಕೊಳ್ಳುತ್ತಾರೆ ಎಂಬುದು ನನಗೆ ಇಂದಿಗೂ ಅಚ್ಚರಿ.

ದ್ವೀಪಕ್ಕೆ ಅಭಯಾರಣ್ಯದ ಪಟ್ಟವಿರಲಿಲ್ಲ. ಹಾಗೆಂದು ಅದು ಅನಾಥವೂ ಅಲ್ಲ. ಕರಾವಳಿ ನಿಯಂತ್ರಣ ವಲಯದ ನಿಯಮಗಳಲ್ಲಿ ಹಕ್ಕಿಗಳು ಗೂಡುಕಟ್ಟುವ ಜಾಗಗಳು ಅತಿ ಸೂಕ್ಷ್ಮವಾದ ಮೊದಲ ವರ್ಗಕ್ಕೆ ಸೇರುತ್ತವೆ. ಈ ಹದ್ದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ. ಅದೇ ಕಾಯ್ದೆಯ ಎರಡನೇ ಸೆಕ್ಷನ್ನಿನಲ್ಲಿ ಬೇಟೆ ಎಂದರೇನು ಎಂದು ವಿವರಿಸುವಾಗ ಹಕ್ಕಿಯ ಮೊಟ್ಟೆಗೆ ಅಥವಾ ಗೂಡಿಗೆ ಅಡಚಣೆ ಮಾಡುವುದನ್ನೂ ಸೇರಿಸಲಾಗಿದೆ. ಕೋವಿ ಬೇಕಿಲ್ಲ, ಕಲ್ಲು ಬೇಕಿಲ್ಲ. ಗೂಡಿನ ಮೇಲೆ ಕುಳಿತ ಹಕ್ಕಿಯನ್ನು ಎಬ್ಬಿಸಿದರೂ ಕಾನೂನಿನ ಕಣ್ಣಿಗೆ ಅದು ಬೇಟೆಯಾಗಬಹುದು.

ಏನು ನಡೆಯುತ್ತಿತ್ತು

ದೋಣಿ ಗೋಳಿಮರದ ಕೆಳಗೆ ಬಂದು ನಿಲ್ಲುತ್ತದೆ. ಪ್ರವಾಸಿಗರಲ್ಲಿ ಯಾರೋ ಒಬ್ಬರು ಮೇಲೆ ಕೈ ತೋರಿಸಿ ಅದೇನು ಎಂದು ಕೇಳುತ್ತಾರೆ. ಹುಡುಗ ಹದ್ದು ಎನ್ನುತ್ತಾನೆ. ಹದ್ದು ಗೂಡಿನೊಳಗೆ ತಗ್ಗಿ ಕುಳಿತಿರುವುದರಿಂದ ಬಿಳಿಯ ತಲೆಯೊಂದು ಚುಕ್ಕೆಯಂತೆ ಕಾಣುತ್ತದೆ, ಅಷ್ಟೆ. ಮೊಬೈಲಿನಲ್ಲಿ ಅದೂ ಬರುವುದಿಲ್ಲ. ಆಗ ಹುಡುಗ ಗಾಳಿ ಹಾರ್ನ್ ಒತ್ತುತ್ತಾನೆ. ಹಾರ್ನ್ ಇಲ್ಲದ ದೋಣಿಯಲ್ಲಿ ಸ್ಟೀಲ್ ತಟ್ಟೆಯನ್ನು ದೋಣಿಯ ಅಂಚಿಗೆ ಬಡಿಯುತ್ತಾರೆ. ಹಕ್ಕಿ ಏಳುತ್ತದೆ, ಅಷ್ಟಗಲ ರೆಕ್ಕೆ ಬಿಚ್ಚಿ ತಲೆಯ ಮೇಲೆ ಸುತ್ತುತ್ತದೆ, ಕೂಗುತ್ತದೆ. ಜನ ಹೋ ಎನ್ನುತ್ತಾರೆ. ಇಳಿಯುವಾಗ ಹುಡುಗನ ಕೈಗೆ ಐವತ್ತೋ ನೂರೋ ರೂಪಾಯಿ ಬರುತ್ತದೆ.

ಒಂದು ದೋಣಿ ಒಂದು ಸಲ ಹೀಗೆ ಮಾಡಿದರೆ ಹದ್ದು ಸಹಿಸಿಕೊಳ್ಳುತ್ತಿತ್ತೇನೋ. ಡಿಸೆಂಬರಿನಲ್ಲಿ ಒಂದರ ಹಿಂದೆ ಒಂದು ದೋಣಿ ಬಂದು ನಿಲ್ಲುವಾಗ ತಾಯಿ ಹಕ್ಕಿ ನೆತ್ತಿಯ ಬಿಸಿಲಿನ ಹೊತ್ತಿನಲ್ಲಿಯೇ ಪದೇ ಪದೇ ಗೂಡು ಬಿಡಬೇಕಾಗುತ್ತದೆ. ಮೊಟ್ಟೆಗೆ ಬಿಸಿಲು ತಟ್ಟುತ್ತದೆ. ಪ್ರವಾಸಿಗರು ಎಸೆದ ತಿಂಡಿಯ ಆಸೆಗೆ ದೋಣಿಗಳ ಜೊತೆಗೇ ಬಂದ ಕಾಗೆಗಳು ಅದೇ ಮರದಲ್ಲಿ ಕಾದಿರುತ್ತವೆ. ಮೊದಲು ಇದನ್ನು ಗಮನಿಸಿದ್ದು ಸ್ಕೂಬಾ ಡೈವಿಂಗ್ ಕಲಿಸುವ ಗೋವಾದ ಯುವಕ. ಆ ವರ್ಷ ಜನವರಿಯಲ್ಲಿ ಹದ್ದುಗಳು ಗೂಡಿನ ಮೇಲೆ ಕೂರುವುದನ್ನೇ ನಿಲ್ಲಿಸಿದವು. ಮೊಟ್ಟೆ ಒಡೆಯಿತೇ, ಕಾಗೆ ಒಯ್ದಿತೇ, ಬಂಜೆ ಮೊಟ್ಟೆಯೇ ಆಗಿತ್ತೇ ಎಂಬುದು ಕಡಲಿನಿಂದ ಕಾಣುವ ಸಂಗತಿಯಲ್ಲ. ಜೋಡಿ ಗೂಡನ್ನು ಕೈಬಿಟ್ಟಿತು ಎಂಬುದಷ್ಟೇ ಖಚಿತ.

ಅವನು ಈ ವಿಷಯವನ್ನು ಮೊದಲು ಹೇಳಿದ್ದು ವಾಸ್ಕೋದಲ್ಲಿ ಬಹುಕಾಲದಿಂದ ನೆಲೆಸಿರುವ, ಧಾರವಾಡ ಮೂಲದ ನಿವೃತ್ತ ಶಿಕ್ಷಕಿಯೊಬ್ಬರಿಗೆ. ಅವರನ್ನು ಇಲ್ಲಿ ಟೀಚರ್ ಎಂದೇ ಕರೆಯುತ್ತೇನೆ; ಊರಿನವರೂ ಹಾಗೆಯೇ ಕರೆಯುತ್ತಾರೆ. ದೋಣಿಯ ಹುಡುಗರಲ್ಲಿ ಕೆಲವರ ತಮ್ಮ ತಂಗಿಯರಿಗೆ ಅವರು ಅಕ್ಷರ ಕಲಿಸಿದ್ದರು. ಗುಂಪು ಹುಟ್ಟಿದ್ದು ಹೀಗೆ. ನೋಂದಣಿ ಇಲ್ಲ, ಲೆಟರ್‌ಹೆಡ್ ಇಲ್ಲ.

ಅಭಯಾರಣ್ಯದ ಅರ್ಜಿ

ಮೊದಲ ಆಲೋಚನೆ ಎಲ್ಲರಿಗೂ ಹೊಳೆಯುವಂಥದ್ದೇ: ದ್ವೀಪವನ್ನು ಅಭಯಾರಣ್ಯವೆಂದು ಘೋಷಿಸಲಿ. ಅರ್ಜಿಯ ಕರಡು ಸಿದ್ಧವಾಯಿತು. ಅರಣ್ಯ ಇಲಾಖೆಯ ಅಧಿಕಾರಿಯೊಬ್ಬರು ಸಮಾಧಾನದಿಂದ ದಾರಿಯ ಉದ್ದವನ್ನು ವಿವರಿಸಿದರು. ದ್ವೀಪದ ಸುತ್ತಲಿನ ನೀರನ್ನೂ ಸೇರಿಸಬೇಕಾದರೆ, ಅದು ದೇಶದ ಜಲಪ್ರದೇಶವಾದ ಕಾರಣ ಕೇಂದ್ರ ಸರ್ಕಾರದ ಮುಂಚಿತ ಸಮ್ಮತಿ ಬೇಕು. ಗಡಿಯನ್ನು ನೌಕಾಪಡೆಯ ಮುಖ್ಯ ಜಲಮಾಪಕರ ಜೊತೆ ಸಮಾಲೋಚಿಸಿ ಗುರುತಿಸಬೇಕು. ಸ್ಥಳೀಯ ಮೀನುಗಾರರ ಉದ್ಯೋಗದ ಹಿತ ಕಾಯುವ ಕ್ರಮ ಕೈಗೊಂಡಿರಬೇಕು. ಇಷ್ಟೆಲ್ಲ ಆದ ಮೇಲೂ ದೋಣಿಗಳ ನಿರುಪದ್ರವಿ ಸಂಚಾರದ ಹಕ್ಕನ್ನು ಘೋಷಣೆ ತಡೆಯಲಾರದು. ಇವೆಲ್ಲ ಕಾಯ್ದೆಯ 26ಎ ಸೆಕ್ಷನ್ನಿನಲ್ಲಿ ಬರೆದಿರುವ ಮಾತುಗಳೇ.

ಪಕ್ಕದ ಮಹಾರಾಷ್ಟ್ರದ ಸಿಂಧುದುರ್ಗದ ಉದಾಹರಣೆಯೂ ಕಣ್ಣ ಮುಂದಿತ್ತು. ಮಾಲವಣದ 29.12 ಚದರ ಕಿಲೋಮೀಟರ್ ಕಡಲು 1987ರಲ್ಲಿಯೇ ಅಭಯಾರಣ್ಯವಾಗಿದೆ. ಅಲ್ಲಿನ ಮೀನುಗಾರರು ಅದನ್ನು ತಮ್ಮ ಅನ್ನಕ್ಕೆ ಹಾಕಿದ ಬೇಲಿಯೆಂದೇ ಕಂಡು ವಿರೋಧಿಸುತ್ತಾ ಬಂದರು. ಗೋವಾದ ರಾಂಪಣ ಬಲೆಯ ಮೀನುಗಾರರು 1970ರ ದಶಕದಲ್ಲಿ ಟ್ರಾಲರ್‌ಗಳ ವಿರುದ್ಧ ಬೀದಿಗಿಳಿದವರು. ಕಡಲಿಗೆ ಯಾರು ಗೆರೆ ಎಳೆದರೂ ಅವರು ಕಿವಿ ನಿಮಿರಿಸುತ್ತಾರೆ. ಅವರಲ್ಲಿ ಒಬ್ಬ ಹಿರಿಯರು ಸಭೆಯಲ್ಲಿ ಕೇಳಿದ ಪ್ರಶ್ನೆ ನನ್ನ ಟಿಪ್ಪಣಿಯಲ್ಲಿದೆ: "ಹದ್ದಿಗೆ ತೊಂದರೆ ಕೊಡುವುದು ಪ್ರವಾಸಿ ದೋಣಿ. ಗೆರೆ ಎಳೆದರೆ ಹೊರಗೆ ಉಳಿಯುವುದು ನಮ್ಮ ದೋಣಿಯೂ ಅಲ್ಲವೇ?"

ಅವರ ಪ್ರಶ್ನೆಗೆ ಉತ್ತರವಿರಲಿಲ್ಲ. ಅರ್ಜಿಯನ್ನು ಕಳುಹಿಸಿ, ಅದರ ಪಾಡಿಗೆ ಅದು ನಡೆಯಲಿ, ಮುಂದಿನ ಅಕ್ಟೋಬರಿಗೆ ಬೇರೆ ದಾರಿ ಹುಡುಕೋಣ ಎಂದು ಟೀಚರ್ ತೀರ್ಮಾನಿಸಿದರು. ಅದು ಸರಿಯಾದ ನಿರ್ಧಾರ ಎಂದು ನನ್ನ ಎಣಿಕೆ. ಘೋಷಣೆಗಾಗಿ ಕಾಯುತ್ತಾ ಕುಳಿತ ಗುಂಪುಗಳು ಕಾಯುವುದನ್ನೇ ಕೆಲಸವೆಂದು ತಿಳಿದುಬಿಡುತ್ತವೆ.

ಬೋರ್ಡು

ಎರಡನೆಯ ಪ್ರಯತ್ನ ಅಗ್ಗದ್ದು, ಬೇಗನೆ ಆಗುವಂಥದ್ದು. ಗೋಳಿಮರದ ಕೆಳಗಿನ ಬಂಡೆಯ ಮೇಲೆ ಒಂದು ಬೋರ್ಡು ನಿಂತಿತು: ಸಂರಕ್ಷಿತ ಹಕ್ಕಿಯ ಗೂಡು, ಶಬ್ದ ಮಾಡಬೇಡಿ, 100 ಮೀಟರ್ ದೂರದಲ್ಲಿರಿ. ಆ 100 ಮೀಟರ್ ಬಂದದ್ದು ಅಮೆರಿಕದಿಂದ. ಅಲ್ಲಿನ ಬೋಳುತಲೆ ಹದ್ದಿನ ಗೂಡಿನಿಂದ 330 ಅಡಿ ಅಂತರವಿರಲಿ ಎಂದು 2007ರ ಮಾರ್ಗಸೂಚಿಯೊಂದು ಹೇಳುತ್ತದೆ. ನಮ್ಮ ಕಡಲ ಹದ್ದೂ ಅದೂ ಹತ್ತಿರದ ಸಂಬಂಧಿಗಳು. ಲೆಕ್ಕಕ್ಕೆ ಆಧಾರವಿತ್ತು.

ಬೋರ್ಡು ಬಂದ ಮೇಲೆ ದೋಣಿಗಳು ಹೆಚ್ಚಾದವು. ಅಲ್ಲಿಯವರೆಗೆ ಮರದ ಮೇಲೆ ಏನಿದೆ ಎಂದು ಗೊತ್ತಿಲ್ಲದ ತಾಂಡೇಲರಿಗೂ ಗೊತ್ತಾಯಿತು. ಪ್ರವಾಸಿಗರು ಬೋರ್ಡು ಓದಿ, "ಎಲ್ಲಿ, ಎಲ್ಲಿ?" ಎಂದು ಕೇಳಲು ಶುರು ಮಾಡಿದರು. ಉತ್ತರ ಗೋವಾದ ಒಂದೆರಡು ಪ್ರವಾಸದ ಜಾಹೀರಾತಿನಲ್ಲಿ ಹದ್ದಿನ ಗೂಡು ಹೊಸ ಆಕರ್ಷಣೆಯಾಗಿ ಸೇರಿಕೊಂಡಿತು. ಬೋರ್ಡಿನ ಪಕ್ಕದಲ್ಲಿ ನಿಂತು ತೆಗೆದ ಚಿತ್ರಗಳು ಮೊಬೈಲಿನಿಂದ ಮೊಬೈಲಿಗೆ ಹರಿದವು.

ಇದನ್ನು ಕೀಳಬೇಕೇ ಬೇಡವೇ ಎಂಬುದರ ಮೇಲೆ ಗುಂಪು ಹೆಚ್ಚುಕಡಿಮೆ ಒಡೆದೇ ಹೋಗುತ್ತಿತ್ತು. ಡೈವಿಂಗ್ ಯುವಕನ ವಾದ: ಬೋರ್ಡು ತೆಗೆದರೆ ನಿಯಮವೇ ಹೋಯಿತು ಎಂದು ಜನ ತಿಳಿಯುತ್ತಾರೆ, ಕಾನೂನಿನ ಮುಂದೆ ಎಚ್ಚರಿಕೆ ಕೊಟ್ಟಿದ್ದೆವು ಎನ್ನಲು ಸಾಕ್ಷಿ ಉಳಿಯುವುದಿಲ್ಲ. ಟೀಚರ್ ಅವರ ವಾದ: ಗೂಡಿನ ಬುಡದಲ್ಲಿ ನಿಂತ ಸಾಕ್ಷಿ ಯಾರಿಗೆ ಬೇಕು? ಎಚ್ಚರಿಕೆ ಜೆಟ್ಟಿಯಲ್ಲಿರಲಿ, ಟಿಕೆಟ್ ಕೊಳ್ಳುವ ಜಾಗದಲ್ಲಿರಲಿ. ಅಲ್ಲಿ ಯಾವ ದ್ವೀಪ, ಯಾವ ಮರ ಎಂದು ಹೇಳದೆಯೂ ಹಾರ್ನ್ ಒತ್ತಬೇಡಿ ಎನ್ನಬಹುದು. ಇಲಾಖೆಗೆ ತಿಳಿಸಿ ಬೋರ್ಡು ಕಿತ್ತರು. ಯುವಕ ಕೆಲವು ವಾರ ಸಭೆಗೆ ಬರಲಿಲ್ಲ. ಸಂರಕ್ಷಣೆಯ ಕೆಲಸದಲ್ಲಿ ಬೋರ್ಡು ನೆಟ್ಟ ಚಿತ್ರಗಳು ಬೇಕಾದಷ್ಟು ಸಿಗುತ್ತವೆ. ಕಿತ್ತ ಚಿತ್ರ ನಾನು ನೋಡಿದ್ದು ಅದೊಂದೇ.

ದಂಡ ಬಿದ್ದದ್ದು ಯಾರಿಗೆ

ಅದೇ ಋತುವಿನಲ್ಲಿ ಯಾರೋ ಹೊರಗಿನವರು ವಿಡಿಯೊ ಸಮೇತ ದೂರು ಕೊಟ್ಟರು. ಒಂದು ದೋಣಿಯ ತಪಾಸಣೆಯಾಯಿತು, ದೋಣಿ ಕೆಲವು ದಿನ ಜೆಟ್ಟಿಯಲ್ಲಿಯೇ ನಿಂತಿತು. ಒಡೆಯನಿಗೆ ಇನ್ನೆರಡು ದೋಣಿಗಳಿದ್ದವು. ಅವನ ವ್ಯಾಪಾರ ನಿಲ್ಲಲಿಲ್ಲ. ಆ ದೋಣಿಯ ತಾಂಡೇಲನಿಗೆ ಅಷ್ಟು ದಿನದ ಕೂಲಿ ಹೋಯಿತು. ಹಾರ್ನ್ ಒತ್ತಿದ ಹುಡುಗನನ್ನು ಒಡೆಯ ಗದಗಿನ ಬಸ್ಸು ಹತ್ತಿಸಿದ.

ಆಮೇಲೆ ಬೈನಾದಲ್ಲಿ ಯಾರೂ ಬಾಯಿ ಬಿಡಲಿಲ್ಲ. ಹೊರಗಿನವರಿಗೆ ಇದು ಅರ್ಥವಾಗಬೇಕಾದರೆ ಒಂದು ಹಿನ್ನೆಲೆ ತಿಳಿದಿರಬೇಕು. 2004ರ ಮಳೆಗಾಲದ ಹೊತ್ತಿಗೆ ಬೈನಾ ಕಡಲತೀರದ ಮನೆಗಳನ್ನು ದೊಡ್ಡ ಪ್ರಮಾಣದಲ್ಲಿ ತೆರವುಗೊಳಿಸಲಾಯಿತು. ಬೀದಿಗೆ ಬಿದ್ದವರಲ್ಲಿ ಕನ್ನಡಿಗರು ಬಹಳಷ್ಟು ಮಂದಿ. ಅಂದಿನಿಂದ ಆ ಕೇರಿಗಳಲ್ಲಿ ಯಾರಾದರೂ ಪಟ್ಟಿ ಹಿಡಿದು ಹೆಸರು ಬರೆದುಕೊಂಡರೆ, ಮುಂದಿನದು ನೋಟಿಸ್ ಎಂದೇ ಅರ್ಥ. ಹದ್ದಿನ ವಿಷಯವಾಗಿ ಹೆಸರು ಬರೆಯುತ್ತಿದ್ದಾರೆ ಎಂದರೂ ಕಿವಿಗೆ ಬೀಳುವುದು ಪಟ್ಟಿ ಎಂಬುದೊಂದೇ. ದೂರು ಕೊಟ್ಟದ್ದು ನಮ್ಮ ಗುಂಪಲ್ಲ ಎಂದು ಟೀಚರ್ ಎಷ್ಟು ಹೇಳಿದರೂ, ಕಂಡ ಹುಡುಗರು ನಮಸ್ಕಾರ ಹೇಳಿ ಪಕ್ಕದ ಓಣಿಗೆ ತಿರುಗುತ್ತಿದ್ದರು.

ಕಾನೂನು ಬೇಡ ಎಂದು ನಾನು ಹೇಳುತ್ತಿಲ್ಲ. ಮಹಾರಾಷ್ಟ್ರದ ವೆಂಗುರ್ಲಾ ಕಡಲಾಚೆಯ ಬಂಡೆಗಳ ಗುಹೆಗಳಲ್ಲಿ ಸ್ವಿಫ್ಟ್‌ಲೆಟ್ ಎಂಬ ಪುಟ್ಟ ಹಕ್ಕಿ ತನ್ನ ಜೊಲ್ಲಿನಿಂದ ಅಂಟಿಸಿ ಗೂಡು ಕಟ್ಟುತ್ತದೆ. ಸೂಪಿನ ಬಟ್ಟಲಿಗಾಗಿ ಆ ಗೂಡುಗಳನ್ನು ಕದ್ದು ಸಾಗಿಸುತ್ತಿದ್ದರು. ಚಿಪಳೂಣದ ಸಹ್ಯಾದ್ರಿ ನಿಸರ್ಗ ಮಿತ್ರ ಸಂಸ್ಥೆ ಆ ಕಳ್ಳತನದ ವಿರುದ್ಧ ಕೆಲಸ ಮಾಡಿತು. ಅಲ್ಲಿ ಎದುರಾಳಿ ಕಳ್ಳ. ಅವನಿಗೆ ಕಾವಲು, ಕಾನೂನು ಎರಡೂ ಬೇಕು. ನಮ್ಮ ಪ್ರಕರಣದಲ್ಲಿ ಹಾರ್ನ್ ಒತ್ತುವವನಿಗೆ ಹದ್ದಿನ ಮೇಲೆ ಸಿಟ್ಟೂ ಇಲ್ಲ, ಅದರ ಗೂಡಿನ ಆಸೆಯೂ ಇಲ್ಲ. ಅವನಿಗೆ ಬೇಕಾದದ್ದು ಐವತ್ತು ರೂಪಾಯಿ.

ಮಳೆಗಾಲದ ಮಾತು

ತಿರುವು ಸಿಕ್ಕಿದ್ದು ದೋಣಿಗಳೆಲ್ಲ ದಡ ಸೇರಿದ ಮೇಲೆ. ಆಗಸ್ಟಿನಲ್ಲಿ ದೋಣಿಗಳು ಮಡಲು, ತಾಡಪಾಲು ಹೊದ್ದು ಮಲಗಿರುತ್ತವೆ. ಹುಡುಗರಲ್ಲಿ ಅರ್ಧ ಜನ ಬಿತ್ತನೆಗೆ ಊರಿಗೆ ಹೋಗಿರುತ್ತಾರೆ. ಉಳಿದವರು ತಳಕ್ಕೆ ಅಂಟಿದ ಚಿಪ್ಪು ಕೆರೆದು ಬಣ್ಣ ಬಳಿಯುತ್ತಾರೆ. ಟೀಚರ್ ಅಲ್ಲಿಗೆ ಹೋಗಿ ಕೂರತೊಡಗಿದರು. ಹದ್ದಿನ ಮಾತು ಎತ್ತಲಿಲ್ಲ. ಊರಿಗೆ ಕಳುಹಿಸಿದ ಹುಡುಗನನ್ನು ಬೇರೆ ದೋಣಿಗೆ ಸೇರಿಸುವ ಮಾತಾಡಿದರು, ಒಬ್ಬ ಒಡೆಯನನ್ನು ಒಪ್ಪಿಸಿಯೂ ಬಂದರು. ನನ್ನ ಮಟ್ಟಿಗೆ ಇಡೀ ಪ್ರಕರಣದಲ್ಲಿ ಹೆಚ್ಚು ಫಲ ಕೊಟ್ಟ ಕೆಲಸ ಅದು.

ಕಾರವಾರ ಕಡೆಯ ಹಿರಿಯ ತಾಂಡೇಲರೊಬ್ಬರು ತಾವಾಗಿಯೇ ವಿಷಯ ತೆಗೆದರು. ಚಿಕ್ಕಂದಿನಲ್ಲಿ ಅವರು ಮುರ್ಡೇಶ್ವರದ ಕಡಲಾಚೆಯ ನೇತ್ರಾಣಿಗೆ ಹೋದವರು. ಹರಕೆಯ ಆಡುಗಳನ್ನು ಬಿಡುವ ದ್ವೀಪ ಅದು. ಕಡಲ ಹದ್ದಿನ ನೆಲೆಯೆಂದೂ ಹೆಸರು. ನೌಕಾಪಡೆ ಗುರಿ ಹೊಡೆಯುವ ಅಭ್ಯಾಸಕ್ಕೆ ಅದನ್ನು ಬಳಸುತ್ತಿದ್ದುದರ ಬಗ್ಗೆ ಅವರಿಗೆ ಇನ್ನೂ ಸಿಟ್ಟಿತ್ತು.

"ಟೀಚರ್, ನೀವು ನೂರು ಮೀಟರ್ ಎನ್ನುತ್ತೀರಿ" ಎಂದರು. "ಹನ್ನೆರಡು ಗಂಟೆಯ ಮೇಲೆ ಆ ದ್ವೀಪದಲ್ಲಿ ಲಂಗರು ಹಾಕುವ ಜಾಗ ಎಷ್ಟಿದೆ ಎಂದು ನೋಡಿದ್ದೀರಾ?"

ಯಾರೂ ನೋಡಿರಲಿಲ್ಲ. ಅವರು ಬಣ್ಣದ ಕುಂಚದಿಂದಲೇ ನೆಲದ ಮೇಲೆ ದ್ವೀಪ ಬರೆದು ತೋರಿಸಿದರು. ಚಳಿಗಾಲದಲ್ಲಿ ಬೆಳಿಗ್ಗೆ ದಡದಿಂದ ಕಡಲಿಗೆ ತೆಳುವಾದ ಗಾಳಿ ಬೀಸುತ್ತದೆ. ಆಗ ದೋಣಿ ಎಲ್ಲಿ ಬೇಕಾದರೂ ನಿಲ್ಲಬಹುದು. ಮಧ್ಯಾಹ್ನ ಗಾಳಿ ತಿರುಗಿ ವಾಯವ್ಯದಿಂದ ಬರುತ್ತದೆ, ಅಲೆ ಏಳುತ್ತದೆ. ಊಟದ ತಟ್ಟೆ ಹಿಡಿದ ಪ್ರವಾಸಿಗರು ವಾಂತಿ ಮಾಡಿಕೊಳ್ಳಬಾರದು ಎಂದರೆ ದೋಣಿಯನ್ನು ಗಾಳಿಮರೆಗೆ, ಅಂದರೆ ಆಗ್ನೇಯಕ್ಕೆ ತರಲೇಬೇಕು. ಗೋಳಿಮರ ಇರುವುದು ಅದೇ ಮಗ್ಗುಲಲ್ಲಿ. ಹದ್ದಿಗೂ ಗಾಳಿಮರೆ ಬೇಕು, ದೋಣಿಗೂ ಗಾಳಿಮರೆ ಬೇಕು.

ಅಲ್ಲಿಯವರೆಗೆ ಎಲ್ಲರೂ ಇದನ್ನು ಶಿಸ್ತಿನ ಸಮಸ್ಯೆಯೆಂದು ನೋಡಿದ್ದರು. ತಾಂಡೇಲರ ಚಿತ್ರದಲ್ಲಿ ಅದು ಲಂಗರಿನ ಸಮಸ್ಯೆ. ಪರಿಹಾರವೂ ಅದೇ ಚಿತ್ರದಲ್ಲಿತ್ತು. ಆಗ್ನೇಯದ ಮಗ್ಗುಲಲ್ಲಿಯೇ ಇನ್ನಷ್ಟು ತೆಂಕಣಕ್ಕೆ ಬಂಡೆಯ ಮೂಗೊಂದು ಕಡಲಿಗೆ ಚಾಚಿದೆ. ಅದರ ಆಚೆಗೂ ಗಾಳಿಮರೆ ಇದೆ, ಅಲ್ಲಿಂದ ಗೂಡು ಕಾಣುವುದಿಲ್ಲ. ಗೂಡಿನಿಂದ ದೋಣಿಯೂ ಕಾಣುವುದಿಲ್ಲ. ಆದರೆ ತಳ ಜಾರುಬಂಡೆ, ಲಂಗರು ಕಚ್ಚುವುದಿಲ್ಲ. ಅದಕ್ಕೇ ಯಾರೂ ಅಲ್ಲಿ ನಿಲ್ಲಿಸುತ್ತಿರಲಿಲ್ಲ. ಒಂದು ಕಾಯಂ ತೇಲುಬುರುಡೆಯನ್ನು ತಳಕ್ಕೆ ಬಿಗಿದರೆ ದೋಣಿಗಳು ಅದಕ್ಕೇ ಹಗ್ಗ ಕಟ್ಟಬಹುದು. ಲಂಗರು ಎಸೆಯುವುದು ತಪ್ಪಿದರೆ ಹವಳಕ್ಕೂ ಒಳ್ಳೆಯದು ಎಂದು ಡೈವಿಂಗ್ ಯುವಕ ಹೇಳಿದ. ಬೋರ್ಡಿನ ಜಗಳದ ನಂತರ ಅವನು ಉತ್ಸಾಹದಿಂದ ಮಾತಾಡಿದ್ದು ಅಂದೇ.

ಬಂದರಿನ ಅನುಮತಿ, ಎರಡು ಡೈವಿಂಗ್ ಸಂಸ್ಥೆಗಳ ಹಣ, ಒಡೆಯರ ಗೊಣಗಾಟ ಎಲ್ಲ ದಾಟಿ ತೇಲುಬುರುಡೆ ನೀರಿಗಿಳಿಯುವಾಗ ನವೆಂಬರ್ ಬಂದಿತ್ತು.

ಇನ್ನು ಐವತ್ತು ರೂಪಾಯಿಯ ಪ್ರಶ್ನೆ. ಹುಡುಗರಿಗೆ ಒಡೆಯ ಹೆಚ್ಚಿಗೆ ಕೂಲಿ ಕೊಡಲಿ ಎಂಬ ಸಲಹೆ ಬಂತು, ನಗೆಯಲ್ಲಿ ಮುಗಿಯಿತು. ತಾಂಡೇಲರು ಬೇರೆ ಉಪಾಯ ಹೇಳಿದರು: ದೋಣಿಗೆ ಎರಡು ದುರ್ಬೀನು ಕೊಡಿ. ಮರದ ಕೆಳಗೆ ಹೋಗದೆ, ಬರುವ ದಾರಿಯಲ್ಲಿ ದೂರದಿಂದ ದೋಣಿ ನಿಧಾನ ಮಾಡಿ, ಹುಡುಗ ದುರ್ಬೀನನ್ನು ಕೈಯಿಂದ ಕೈಗೆ ದಾಟಿಸಲಿ. ಎಬ್ಬಿಸಿ ತೋರಿಸಿದರೂ ಕಾಸು, ಕೂತದ್ದನ್ನು ತೋರಿಸಿದರೂ ಕಾಸು. ಇದು ನಡೆಯುತ್ತದೆ ಎಂದು ನಾನು ನಂಬಿರಲಿಲ್ಲ, ಆದರೆ ನಡೆಯಿತು. ಮರದ ಕೆಳಗಿನಿಂದ ನೋಡಿದರೆ ಹದ್ದಿನ ಹೊಟ್ಟೆ ಮಾತ್ರ ಕಾಣುತ್ತದೆ. ದೂರದಿಂದ, ಗಂಡು ಹದ್ದು ಕಾಲಿನಲ್ಲಿ ಪಟ್ಟೆಪಟ್ಟೆಯ ಕಡಲ ಹಾವನ್ನು ನೇತಾಡಿಸಿಕೊಂಡು ಗೂಡಿಗೆ ಇಳಿಯುವುದನ್ನು, ಹೆಣ್ಣು ಎದ್ದು ಜಾಗ ಬಿಡುವುದನ್ನು ನೋಡಬಹುದು. ಕೊಪ್ಪಳದ ಹುಡುಗನೊಬ್ಬ ಇದನ್ನು ಹಿಂದಿಯಲ್ಲಿ ಎಷ್ಟು ಸೊಗಸಾಗಿ ಬಣ್ಣಿಸುತ್ತಿದ್ದನೆಂದರೆ ಅವನ ದೋಣಿಯ ಜನ ಡಾಲ್ಫಿನ್ ಮರೆತುಬಿಡುತ್ತಿದ್ದರು.

ಒಪ್ಪಂದಕ್ಕೆ ಸಹಿ ಹಾಕಿಸಬೇಕು, ತಾಂಡೇಲರ ಹೆಸರು ಮತ್ತು ಮೊಬೈಲ್ ಸಂಖ್ಯೆಗಳ ಪಟ್ಟಿ ಬೇಕು ಎಂದು ಅಧಿಕಾರಿಗಳ ಕಡೆಯಿಂದ ಕೇಳಿಕೆ ಬಂತು. ಟೀಚರ್ ಒಪ್ಪಲಿಲ್ಲ. ಪಟ್ಟಿ ಮಾಡಿದ ದಿನವೇ ದೋಣಿಯವರು ಮಾತು ಬಿಡುತ್ತಾರೆ ಎಂದರು. ಬದಲಿಗೆ ದೋಣಿಗಳ ನೋಂದಣಿ ಸಂಖ್ಯೆ, ಒಡೆಯರ ಸಹಿ ಸಾಕು ಎಂಬಲ್ಲಿಗೆ ಮಾತು ಬಂದು ನಿಂತಿತು. ಹೊಣೆ ಹಣವಿದ್ದವನ ಮೇಲೆ ಬಿತ್ತು, ಹುಡುಗರ ಹೆಸರು ಯಾವ ಕಾಗದದಲ್ಲಿಯೂ ಬರಲಿಲ್ಲ. ಅಧಿಕಾರಿ ಇದಕ್ಕೆ ಮಣಿದದ್ದು ಸಣ್ಣ ಸಂಗತಿಯಲ್ಲ.

ಆ ಋತು

ಡಿಸೆಂಬರ್ ಮೂರನೆಯ ವಾರದವರೆಗೆ ಹೆಚ್ಚಿನ ದಿನಗಳಲ್ಲಿ ಮರದ ಕೆಳಗೆ ದೋಣಿ ನಿಲ್ಲಲಿಲ್ಲ. ಕ್ರಿಸ್‌ಮಸ್ ಮತ್ತು ಹೊಸ ವರ್ಷದ ನಡುವೆ ಎಲ್ಲ ಕಟ್ಟುಪಾಡು ಮುರಿಯಿತು. ಉತ್ತರ ಗೋವಾದ ಜೆಟ್ಟಿಗಳಿಂದ ಬಂದ ದೋಣಿಗಳಿಗೆ ಒಪ್ಪಂದವೂ ಗೊತ್ತಿಲ್ಲ, ತೇಲುಬುರುಡೆಯಲ್ಲಿ ಜಾಗವೂ ಇಲ್ಲ. ಒಂದು ತೇಲುಬುರುಡೆಗೆ ಎಷ್ಟು ದೋಣಿ ಕಟ್ಟಲಾದೀತು? ನಮ್ಮ ಕಡೆಯ ಹುಡುಗನೊಬ್ಬ ಹೊರಗಿನ ದೋಣಿಯವರನ್ನು ಬೈದು, ಅವರು ಇವನ ಮೇಲೆ ಬಾಟಲಿ ಎಸೆದು, ಜಗಳ ಕೈಮೀರುವ ಹಂತಕ್ಕೆ ಹೋಯಿತು. ಕಾವಲಿನ ಕೆಲಸ ಹುಡುಗರ ಮೇಲೆ ಬೀಳಬಾರದು ಎಂದು ಹಿರಿಯ ತಾಂಡೇಲರು ಅಂದೇ ಸಂಜೆ ಕಟ್ಟುನಿಟ್ಟಾಗಿ ಹೇಳಿದರು. ಆ ಎರಡು ವಾರಗಳ ಮಟ್ಟಿಗೆ ಇಲಾಖೆಯ ದೋಣಿ ಗಸ್ತು ಬರುವಂತಾಯಿತು. ದಂಡ ಹಾಕುವ ಅಧಿಕಾರ ಸರಿಯಾದ ಜಾಗದಲ್ಲಿ ಕೆಲಸಕ್ಕೆ ಬಂದದ್ದು ಆಗ: ಮಾತಿಗೆ ಸಿಗದ, ಒಂದು ದಿನಕ್ಕೆ ಬಂದು ಹೋಗುವ ದೋಣಿಗಳ ಮೇಲೆ.

ಮತ್ತೊಂದು ದಿನ ಯಾರೋ ಡ್ರೋನ್ ಹಾರಿಸಿದರು. ಹದ್ದು ಅದರ ಮೇಲೆರಗಿತು. ಡ್ರೋನ್ ಕಡಲಿಗೆ ಬಿತ್ತು. ದೋಣಿಗಳಲ್ಲಿ ಇದು ಬಹಳ ದಿನ ನಗುವಿನ ವಿಷಯವಾಗಿತ್ತು, ಆದರೆ ರೆಕ್ಕೆಗೆ ಪ್ರೊಪೆಲರ್ ತಗುಲಿದ್ದರೆ ಕತೆ ಬೇರೆ.

ಏಪ್ರಿಲ್ ಕೊನೆಗೆ ಕಂದು ಬಣ್ಣದ ಮರಿ ಹದ್ದೊಂದು ಮರದ ತುದಿಯಿಂದ ಬಂಡೆಗೆ, ಬಂಡೆಯಿಂದ ಮರಕ್ಕೆ ಹಾರುವುದು ಕಂಡಿತು. ಇದನ್ನು ಒಪ್ಪಂದದ ಗೆಲುವು ಎಂದು ಬರೆಯಲು ಕೈ ಬರುವುದಿಲ್ಲ. ಒಂದು ಜೋಡಿ, ಒಂದು ಗೂಡು. ಹಿಂದಿನ ವರ್ಷ ಬೇರೆ ಕಾರಣಕ್ಕೆ ಕೆಟ್ಟಿರಬಹುದು, ಈ ವರ್ಷ ಹಾರ್ನ್ ಇದ್ದರೂ ಉಳಿಯುತ್ತಿತ್ತೇನೋ. ಅಕ್ಕಪಕ್ಕದ ಬೇರೆ ಗೂಡುಗಳ ದಾಖಲೆ ಇಲ್ಲದೆ ಹೋಲಿಸುವುದು ಹೇಗೆ? ಖಚಿತವಾಗಿ ಹೇಳಬಹುದಾದದ್ದು ದೋಣಿಗಳ ಬಗ್ಗೆ ಮಾತ್ರ: ಅವು ಜಾಗ ಬದಲಿಸಿದವು, ಮಧ್ಯಾಹ್ನದ ಹೊತ್ತಿನಲ್ಲಿ ತಾಯಿ ಹಕ್ಕಿ ಗೂಡಿನ ಮೇಲೆ ಹೆಚ್ಚು ಹೊತ್ತು ಕುಳಿತಿತು.

ಈಗ ಎಲ್ಲಿದೆ

ಇಂಥ ವರದಿಗಳು ಮರಿ ಹಾರಿದಲ್ಲಿಗೆ ನಿಲ್ಲುತ್ತವೆ, ಆಮೇಲಿನದು ಹೆಚ್ಚು ಉಪಯೋಗದ ಭಾಗ. ಮುಂದಿನ ಮಳೆಗಾಲದಲ್ಲಿ ತೇಲುಬುರುಡೆ ಹೋಯಿತು. ಮೇ ತಿಂಗಳಲ್ಲಿ ಅದನ್ನು ಬಿಚ್ಚಿ ದಡಕ್ಕೆ ತರಬೇಕಿತ್ತು. ಯಾರು ತರಬೇಕು ಎಂದು ಯಾರೂ ಬರೆದಿಟ್ಟಿರಲಿಲ್ಲ. ಇಬ್ಬರು ತಾಂಡೇಲರು ಕಾರವಾರಕ್ಕೆ ಮರಳಿದರು, ಒಬ್ಬ ಒಡೆಯ ದೋಣಿ ಮಾರಿದ. ಹೊಸಬರಿಗೆ ಎಲ್ಲವನ್ನೂ ಮೊದಲಿನಿಂದ ಹೇಳಬೇಕಾಯಿತು. ದೋಣಿಯವರ ಬಾಯಿಮಾತಿನ ಒಪ್ಪಂದಕ್ಕೆ ಇರುವ ಶಕ್ತಿಯೂ ಇದೇ, ಬಲಹೀನತೆಯೂ ಇದೇ. ಕಾಗದದಲ್ಲಿ ಹೆಸರಿಲ್ಲದ ಕಾರಣ ಜನ ಒಪ್ಪಿದರು. ಕಾಗದದಲ್ಲಿ ಹೆಸರಿಲ್ಲದ ಕಾರಣ ಜನ ಹೋದಾಗ ಅದೂ ಹೋಯಿತು. ಈ ಎರಡರ ನಡುವೆ ನಮಗೆ ಸಿಕ್ಕ ದಾರಿ, ನಿಯಮವನ್ನು ಮನುಷ್ಯರ ಹೆಸರಿಗೆ ಕಟ್ಟದೆ ದೋಣಿಯ ಪರವಾನಗಿಗೆ ಕಟ್ಟುವುದು. ಪರವಾನಗಿ ನವೀಕರಣದ ಷರತ್ತುಗಳಲ್ಲಿ ಹಾರ್ನ್ ಮತ್ತು ಲಂಗರಿನ ಜಾಗವನ್ನು ಸೇರಿಸಬೇಕೆಂಬ ಮನವಿ ಈಗ ಕಚೇರಿಯ ಮೇಜಿನ ಮೇಲಿದೆ.

ಅಭಯಾರಣ್ಯದ ಅರ್ಜಿಯ ರೂಪವೂ ಬದಲಾಗಿದೆ. ವನ್ಯಜೀವಿ ಕಾಯ್ದೆಯ 2002ರ ತಿದ್ದುಪಡಿಯಿಂದ ಬಂದ ಸಂರಕ್ಷಣಾ ಮೀಸಲು ಎಂಬ ವರ್ಗ ಸರ್ಕಾರಿ ಜಾಗಗಳಿಗೆ ಅನ್ವಯಿಸುತ್ತದೆ. ಸ್ಥಳೀಯರೊಡನೆ ಸಮಾಲೋಚನೆ ಅದರ ಭಾಗ, ನಿರ್ವಹಣಾ ಸಮಿತಿಯಲ್ಲಿ ಪಂಚಾಯಿತಿಯ ಪ್ರತಿನಿಧಿಗಳಿಗೂ ಸ್ಥಾನವಿದೆ. ರಾಂಪಣದ ಹಿರಿಯರು ಇದಕ್ಕೆ ತಲೆ ಆಡಿಸಿದ್ದಾರೆ, ಪೂರ್ತಿ ಒಪ್ಪಿಲ್ಲ. ದ್ವೀಪದ ಸುತ್ತಲಿನ ನೀರಿನಲ್ಲಿ ಗಾಳ ಹಾಕುವ ತಮ್ಮ ಹಕ್ಕು ಮೊದಲ ಪುಟದಲ್ಲಿಯೇ ಬರೆದಿರಬೇಕು ಎಂಬುದು ಅವರ ಷರತ್ತು. ಅದನ್ನು ಬರೆಯಲಾಗಿದೆ.

ಇದೇ ಬಗೆಯ ಕೆಲಸಕ್ಕೆ ಇಳಿಯುವವರು ನನ್ನನ್ನು ಕೇಳಿದರೆ, ಅಂತರ ಎಷ್ಟು ಮೀಟರ್ ಎಂದು ಗೊತ್ತುಮಾಡುವ ಮೊದಲು ಮಧ್ಯಾಹ್ನದ ಗಾಳಿಯಲ್ಲಿ ದೋಣಿಯೊಂದರಲ್ಲಿ ಕೂತು ಬನ್ನಿ ಎನ್ನುತ್ತೇನೆ. ಉಳಿದ ಖರ್ಚಿನ ವಿಷಯ ಹೀಗಿದೆ: ಹೊಸ ತೇಲುಬುರುಡೆಗೆ ಒಡೆಯರು ಹಣ ಹಾಕಿದ್ದಾರೆ. ಮೇ ಕೊನೆಯಲ್ಲಿ ಅದನ್ನು ಎತ್ತಿ ತರುವ ಕೂಲಿಯನ್ನು ಯಾರು ಕೊಡಬೇಕೆಂದು ಇನ್ನೂ ತೀರ್ಮಾನವಾಗಿಲ್ಲ, ಸೆಪ್ಟೆಂಬರಿನ ಸಭೆಯಲ್ಲಿ ಅದೇ ಮೊದಲ ವಿಷಯ.